ತೂತಿಗೊಂದು ಸಮುದ್ರ

ಹೊನ್ನೂರಸ್ವಾಮಿ ಹೊಡೆದದ್ದು ಒಂದೇ ಒಂದು ಮೊಳೆ. ಅದೂ ಎರಡಿಂಚಿನದು, ಅದಕ್ಕೂ ಮೂರೇ ಏಟು. ಮದುವೆಯಲ್ಲಿ ಬಂದ ಗೋಡೆ ಗಡಿಯಾರ ಐದು ವರ್ಷದಿಂದ ಟ್ರಂಕಿನೊಳಗೆ ಮಲಗಿಕೊಂಡೇ ಟಿಕ್ ಟಿಕ್ ಅನ್ನುತ್ತಿತ್ತು. ಪಾಪ, ಅದಕ್ಕೂ ಒಂದು ಗೋಡೆ ಕಾಣಿಸೋಣ ಎಂಬ ಒಳ್ಳೆಯ ಮನಸ್ಸಿನಿಂದ ಹೊಡೆದ ಮೊಳೆ ಅದು. ಮೊದಲ ಏಟಿಗೆ ಸುಣ್ಣ ಉದುರಿತು. ಎರಡನೇ ಏಟಿಗೆ ಗಾರೆ ಬಾಯಿ ಬಿಟ್ಟಿತು. ಮೂರನೇ ಏಟಿಗೆ ಮೊಳೆ, ಗಾರೆ, ಎರಡು ಹಸಿ ಇಟ್ಟಿಗೆ ಎಲ್ಲಾ ಸೇರಿ ಗೋಡೆಯ ಆಚೆಗೆ ಹೋದವು. ಆಚೆ ಕಡೆ ಯಾವುದೋ ಡಬ್ಬಿ ಬಿದ್ದು ಉರುಳಿದ ಸದ್ದಾಯಿತು. ಧೂಳು ಇಳಿದ ಮೇಲೆ ನೋಡಿದರೆ ಗೋಡೆಯಲ್ಲಿ ರೊಟ್ಟಿಯಗಲದ ತೂತು, ತೂತಿನ ತುಂಬ ಪಕ್ಕದ ಮನೆಯ ಶಿವಬಸಮ್ಮನ ಮುಖ.

"ಏನ್ ಬೇಕಾಗಿತ್ತಪ್ಪಾ?" ಎಂದು ಕೇಳಿದಳು ಶಿವಬಸಮ್ಮ, ಯಾರೋ ಬಾಗಿಲು ತಟ್ಟಿ ಕರೆದ ಹಾಗೆ.

ಅವಳ ಅಡುಗೆಮನೆಯಲ್ಲಿ ಅದೇ ಜಾಗಕ್ಕೆ ಸರಿಯಾಗಿ ಹಳೇ ಕಾಲದ ಗೂಡೊಂದಿತ್ತು. ಅವಳು ಅದರಲ್ಲಿ ಸಾಸಿವೆ ಡಬ್ಬಿ ಇಡುತ್ತಿದ್ದಳು. ಗೂಡಿನ ಹಿಂದೆ ಗೋಡೆ ಹಪ್ಪಳದಷ್ಟು ತೆಳ್ಳಗೆ ಉಳಿದಿದೆ ಎಂಬುದು ಅದನ್ನು ಕಟ್ಟಿದವನಿಗೆ ಮಾತ್ರ ಗೊತ್ತಿತ್ತು. ಅವನು ತೀರಿಕೊಂಡು ಎಷ್ಟೋ ಕಾಲವಾಗಿತ್ತು.

ಬೇರೆ ಯಾರ ಮನೆಯಾದರೂ ಹೊನ್ನೂರಸ್ವಾಮಿ ಇಷ್ಟು ಹೆದರುತ್ತಿರಲಿಲ್ಲ. ಆದರೆ ಚಳ್ಳಕೆರೆಯ ಈ ಬಾಡಿಗೆ ಮನೆಯ ಮಾಲೀಕರು ಮೊಳಕಾಲ್ಮೂರಿನ ಬೊಮ್ಮಲಿಂಗಪ್ಪನವರು. ಮೊದಲು ಮಗ್ಗದಲ್ಲಿ ಕೂತು ರೇಷ್ಮೆ ಸೀರೆ ನೇಯುತ್ತಿದ್ದವರು, ಈಗ ಸೀರೆ ವ್ಯಾಪಾರ. ಬೀಗದಕೈ ಕೊಡುವ ದಿನ ಅವರು ಹೇಳಿದ್ದು ಒಂದೇ ಮಾತು: "ನೀವು ಒಳಗೆ ಕುಣೀರಿ, ನೆಗೀರಿ, ಬೇಕಾದ್ರೆ ಎರಡು ಕುರಿ ಕಟ್ಕಳ್ರಿ, ನಾನು ಕೇಳಲ್ಲ. ಗೋಡೆಗೆ ಮಾತ್ರ ಮೊಳೆ ಹೊಡೀಬ್ಯಾಡ್ರಿ." ಹಿಂದೆ ಇದ್ದವರು ಕ್ಯಾಲೆಂಡರಿಗೆ ಅಂತ ಒಂದು ಸಣ್ಣ ಮೊಳೆ ಹೊಡೆದು ತಿಂಗಳೊಳಗೆ ಮನೆ ಖಾಲಿ ಮಾಡಿದ್ದರು.

ಹೊನ್ನೂರಸ್ವಾಮಿ, ಅವನ ಹೆಂಡತಿ ಸರಿತಾ ಇಬ್ಬರೂ ಐದು ವರ್ಷದಲ್ಲಿ ಕಂಡದ್ದು ನಾಲ್ಕು ಮನೆ. ಒಂದರಲ್ಲಿ ನೀರಿಲ್ಲ, ಒಂದರಲ್ಲಿ ಗಾಳಿಯಿಲ್ಲ, ಒಂದರಲ್ಲಿ ಮಾಲೀಕನ ತಾಯಿಗೆ ನಿದ್ದೆಯಿಲ್ಲ. ಇದು ಮಾತ್ರ ಹೇಳಿ ಮಾಡಿಸಿದ ಹಾಗಿತ್ತು. ಕೊಳಾಯಿ ಬಾಗಿಲಲ್ಲೇ. ಅವನು ತೂಕ ಹಾಕುವ ಶೇಂಗಾ ಎಣ್ಣೆ ಮಿಲ್ಲು ಕೂಗಿದರೆ ಕೇಳುವಷ್ಟು ಹತ್ತಿರ. ಮುಂದಿನ ಕೋಣೆಯಲ್ಲಿ ಸರಿತಾಳ ಹೊಲಿಗೆ ಮಿಷನ್ನಿಗೆ ದಿನವಿಡೀ ಬೆಳಕು. ಈ ಮನೆ ಬಿಡುವುದು ಅಂದರೆ ಅವಳಿಗೆ ಕೈಬೆರಳು ಬಿಟ್ಟು ಹೋದ ಹಾಗೆ.

ಗಾರೆ ಕೆಲಸದವನು ಬಂದು ಗೋಡೆಯನ್ನು ಬೆರಳಿನಿಂದ ತಟ್ಟಿ, ಕಿವಿ ಇಟ್ಟು ಕೇಳಿ, "ಮುಟ್ಟಬ್ಯಾಡ್ರಿ, ಮುಟ್ಟಿದ್ರೆ ಪೂರ್ತಿ ಬರ್ತೈತೆ" ಎಂದು ಚಹಾ ಕುಡಿದು ಹೋದ. ಆಗ ದಾರಿ ತೋರಿಸಿದವನು ಮಿಲ್ಲಿನಲ್ಲಿ ಜೊತೆಗೆ ಕೆಲಸ ಮಾಡುವ ಪಾಲಾಕ್ಷ. ಜಗತ್ತಿನಲ್ಲಿ ಯಾರಿಗೆ ಯಾವ ಕಷ್ಟ ಬಂದರೂ ಪಾಲಾಕ್ಷನ ಹತ್ತಿರ ಒಂದು ಉಪಾಯ ಮೊದಲೇ ತಯಾರಿರುತ್ತಿತ್ತು.

"ಲೇ ಹೊನ್ನೂರ, ತೂತಿನ ಮುಂದೆ ಮೀನಿನ ಗಾಜಿನ ತೊಟ್ಟಿ ಇಡು. ಮೀನು ಕಣ್ಮುಂದೆ ಓಡಾಡ್ತಿದ್ರೆ ಗೋಡೆ ಯಾವನ್ಲೇ ನೋಡ್ತಾನೆ? ನಮ್ಮ ಭಾವಮೈದಂದು ಒಂದು ತೊಟ್ಟಿ ಅಟ್ಟದ ಮೇಲೆ ಬಿದ್ದೈತೆ, ತಗಂಡ್ ಹೋಗು."

ತೂತಿದ್ದದ್ದು ಎದೆಮಟ್ಟಕ್ಕೆ. ಅದರ ಕೆಳಗೆ ಸರಿಯಾಗಿ ಒಂದು ಕಡಪ ಕಲ್ಲಿನ ಹಲಗೆ. ಶನಿವಾರ ಸಂಜೆ ತೊಟ್ಟಿ ಬಂತು, ಕಲ್ಲಿನ ಮೇಲೆ ಕೂತಿತು. ಎಂಟು ಕೊಡ ನೀರು ಹಿಡಿಯಿತು. ಮೂರು ಚಿನ್ನದ ಬಣ್ಣದ ಮೀನು ಒಳಗಿಳಿದವು. ಹೊನ್ನೂರಸ್ವಾಮಿ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದ. ನೋಡಿದವನು ಅಲ್ಲೇ ಕೂತುಬಿಟ್ಟ.

ತೊಟ್ಟಿಯ ಹಿಂಬದಿಯೂ ಗಾಜೇ ಇರುತ್ತದೆ ಎಂಬುದು ಅವನಿಗೂ ಹೊಳೆದಿರಲಿಲ್ಲ, ಪಾಲಾಕ್ಷನಿಗೂ ಹೊಳೆದಿರಲಿಲ್ಲ. ಅದರ ಮೇಲೆ, ನೀರಿಗೆ ಎಲ್ಲವನ್ನೂ ದೊಡ್ಡದು ಮಾಡಿ ತೋರಿಸುವ ಕೆಟ್ಟ ಬುದ್ಧಿ. ರೊಟ್ಟಿಯಗಲವಿದ್ದ ತೂತು ಈಗ ಮೊರದಗಲ ಕಾಣುತ್ತಿತ್ತು. ಅದರೊಳಗೆ ಶಿವಬಸಮ್ಮನ ಸಾಸಿವೆ ಡಬ್ಬಿ ಮಿಲ್ಲಿನ ಎಣ್ಣೆ ಡ್ರಮ್ಮಿನ ಹಾಗೆ ನಿಂತಿತ್ತು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಫೋನು ಬಂತು.

"ಹೊನ್ನೂರಸ್ವಾಮಿ, ನಾನು ಬೊಮ್ಮಲಿಂಗಪ್ಪ. ಸಾಯಂಕಾಲ ನಾಕೂವರೆ ಬಸ್ಸಿಗೆ ಬರ್ತಿದೀನಿ. ಮನೆ ಒಂದ್ಸಲ ನೋಡ್ಬೇಕು. ಮಾತಾಡೋದೂ ಐತೆ."

"ಏನ್ ವಿಷಯ ಯಜಮಾನ್ರೆ?"

"ಅದು ಫೋನ್ನಾಗೆ ಹೇಳೋದಲ್ಲ ಬಿಡು."

ಹೊನ್ನೂರಸ್ವಾಮಿ ಫೋನು ಇಟ್ಟು ತೂತಿನ ಕಡೆ ನೋಡಿದ. ಯಾರೋ ಸುದ್ದಿ ಮುಟ್ಟಿಸಿದ್ದಾರೆ. ಗಾರೆಯವನೋ? ಪಾಲಾಕ್ಷನೋ? ಶಿವಬಸಮ್ಮನೋ?

"ನಾನಲ್ಲಪ್ಪ" ಎಂದಳು ಶಿವಬಸಮ್ಮ ತೂತಿನೊಳಗಿಂದ, ಅವನು ಬಾಯಿ ಬಿಡುವ ಮೊದಲೇ. "ನಂಗ್ಯಾಕೆ ಬೇಕು ಊರ ಉಸಾಬರಿ? ಅಂದಂಗೆ ಸರಿತಾ, ನಿನ್ನ ಹಾಲು ಉಕ್ಕಾಕ್ ಬಂದೈತೆ ನೋಡು."

ಸರಿತಾ ಓಡಿ ಹೋಗಿ ಹಾಲು ಇಳಿಸಿ ಬಂದಳು. "ರೀ, ಸುಮ್ನೆ ತೂತು ತೋರಿಸಿ, ತಪ್ಪಾಯ್ತು ಅಂದ್ಬಿಡ್ರಿ. ದೊಡ್ಡೋರು, ಬೈದ್ರೆ ಬೈಸ್ಕಳಣ."

"ಬೈಯಲ್ಲ ಕಣೆ, ಖಾಲಿ ಮಾಡಿಸ್ತಾರೆ" ಎಂದು ಹೊನ್ನೂರಸ್ವಾಮಿ ಚಪ್ಪಲಿ ಮೆಟ್ಟಿದ. "ತೊಟ್ಟಿ ಹಿಂದೆ ಅಂಟಿಸೋ ಚಿತ್ರ ಸಿಗ್ತಾವಂತೆ. ತರ್ತೀನಿ."

ಮೀನಿನ ಅಂಗಡಿಯಲ್ಲಿ ಚಿತ್ರಗಳು ಲುಂಗಿ ಬಟ್ಟೆಯ ಹಾಗೆ ಸುರುಳಿ ಸುತ್ತಿಕೊಂಡು ನಿಂತಿದ್ದವು. ಅಂಗಡಿಯವನು ಒಂದೊಂದನ್ನೇ ಬಿಚ್ಚಿ ತೋರಿಸಿದ. ಒಂದರಲ್ಲಿ ಮುಳುಗಿದ ಹಡಗು, ಒಂದರಲ್ಲಿ ಜಲಪಾತ, ಇನ್ನೊಂದು ಬರೀ ಕಪ್ಪು. ಕಪ್ಪೇ ಸರಿ ಅನ್ನಿಸಿತು ಹೊನ್ನೂರಸ್ವಾಮಿಗೆ. ಯಾವುದಕ್ಕೂ ಇರಲಿ ಎಂದು ಮನೆಗೆ ಫೋನು ಮಾಡಿದ. ಅದೇ ಅವನು ಮಾಡಿದ ತಪ್ಪು. ಸರಿತಾ ಫೋನನ್ನು ತೂತಿನ ಹತ್ತಿರ ಹಿಡಿದಿದ್ದಳು.

"ಕಪ್ಪು ಬ್ಯಾಡ" ಎಂದಳು ಶಿವಬಸಮ್ಮ. "ಮನೇಲಿ ಕಪ್ಪು ಪರದೆ ಕಟ್ತಾರೇನು?"

"ಹಡಗು?"

"ಮುಳುಗಿರೋದಾ? ಬಾಳೋ ಮನೇಲಿ ಮುಳುಗಿರೋದನ್ನ ಇಡ್ತಾರೇನಪ್ಪ?"

"ಜಲಪಾತ ಐತೆ."

"ಅದು ಮ್ಯಾಲಿಂದ ಕೆಳಕ್ಕೆ ಹೋಗ್ತೈತೋ, ಕೆಳಗಿಂದ ಮ್ಯಾಲಕ್ಕೆ ಬರ್ತೈತೋ?"

ಹೊನ್ನೂರಸ್ವಾಮಿ ಚಿತ್ರ ನೋಡಿದ. ಅಂಗಡಿಯವನ ಮುಖ ನೋಡಿದ. ಚಿತ್ರವನ್ನು ತಲೆಕೆಳಗು ಮಾಡಿಯೂ ನೋಡಿದ. "ಕೆಳಕ್ಕೇ ಹೋಗ್ತೈತೆ."

"ಹಂಗಾರೆ ಮನೇಲಿರೋದೆಲ್ಲಾ ಹಂಗೇ ಹೋಗ್ತೈತೆ. ಬ್ಯಾಡ."

ಅಷ್ಟರಲ್ಲಿ ಪಾಲಾಕ್ಷ ಬಂದು ಸೇರಿಕೊಂಡ. ಅವನನ್ನು ಯಾರೂ ಕರೆದಿರಲಿಲ್ಲ. ಅವನು ಪಕ್ಕದ ಫ್ಯಾನ್ಸಿ ಅಂಗಡಿಗೆ ಎಳೆದುಕೊಂಡು ಹೋಗಿ, ಗೋಡೆಗೆ ಅಂಟಿಸುವ ಕಾಗದದ ಸೀನರಿ ಕೊಡಿಸಿದ. ಎರಡು ಬೆಟ್ಟ, ನಡುವೆ ಆಕಾಶ, ಕೆಳಗೊಂದು ಕೆಂಪು ಹೆಂಚಿನ ಮನೆ. ಶಿವಬಸಮ್ಮನೂ ಒಪ್ಪಿದಳು. ಬೆಟ್ಟ ಅಂದರೆ ಗಟ್ಟಿ, ಮನೆ ಅಂದರೆ ಮನೆ, ಇದರಲ್ಲಿ ಹುಡುಕಿದರೂ ದೋಷವಿಲ್ಲ ಎಂದಳು.

ಅಂಟಿಸುವುದು ಹೇಗೆ ಎಂದು ಕೇಳಿದಾಗ ಮೀನಿನ ಅಂಗಡಿಯವನು, ಗಾಜಿಗೆ ತೆಳ್ಳಗೆ ಎಣ್ಣೆ ಸವರಿ ಚಿತ್ರ ಒತ್ತಿದರೆ ಗಾಳಿ ಸೇರದೆ ಹಿಡಿದುಕೊಳ್ಳುತ್ತದೆ ಎಂದಿದ್ದ. ಅವನು ಹೇಳಿದ್ದು ತನ್ನಲ್ಲಿದ್ದ ಪ್ಲಾಸ್ಟಿಕ್ ಹಾಳೆಯ ಮಾತು. ಇವರು ಕೇಳಿಸಿಕೊಂಡದ್ದು ಎಣ್ಣೆಯ ಮಾತು ಮಾತ್ರ. ಎಣ್ಣೆ ಮಿಲ್ಲಿನವರಿಗೆ ಎಣ್ಣೆ ಅಂದ ಮೇಲೆ ಮುಂದಿನದು ಕೇಳಿಸುವುದು ಕಷ್ಟ.

"ತೆಳ್ಳಗೆ ಅಂದ್ರೆ ಎಷ್ಟು?" ಎಂದ ಹೊನ್ನೂರಸ್ವಾಮಿ, ಮನೆಯಲ್ಲಿ ಬಟ್ಟಲು ಹಿಡಿದುಕೊಂಡು.

"ನಮ್ಮ ಮಿಲ್ಲಿನ ಎಣ್ಣೆ ಅಂದ್ಮೇಲೆ ಜಿಪುಣತನ ಯಾಕ್ಲೇ?" ಎಂದು ಪಾಲಾಕ್ಷ ಬಟ್ಟಲನ್ನು ಪೂರ್ತಿ ಸುರಿದ.

ಕಾಗದ ಚೆನ್ನಾಗಿಯೇ ಹಿಡಿಯಿತು. ಐದು ನಿಮಿಷ ಎಲ್ಲರೂ ನಿಂತು ನೋಡಿದರು. ಬೆಟ್ಟಗಳ ಮುಂದೆ ಮೀನು ಈಜುವುದು ಚಂದವಾಗಿತ್ತು. ಆರನೇ ನಿಮಿಷಕ್ಕೆ ಆಕಾಶದ ಬಣ್ಣ ಬದಲಾಯಿತು. ಎಣ್ಣೆ ಹೀರಿದ ಕಾಗದ, ಬೋಂಡಾ ಕಟ್ಟಿಕೊಟ್ಟ ಪೇಪರಿನ ಹಾಗೆ ನಿಧಾನಕ್ಕೆ ಪಾರದರ್ಶಕವಾಗತೊಡಗಿತು. ಎರಡು ಬೆಟ್ಟಗಳ ನಡುವೆ ದುಂಡಗೆ, ದೊಡ್ಡದಾಗಿ, ತೂತು ಉದಯವಾಯಿತು. ಅದರ ನಡುವೆ ಒಂದು ಕಣ್ಣಿತ್ತು.

"ನಂಗೆ ಕಾಣ್ತೈತೆ" ಎಂದಿತು ಕಣ್ಣು. "ನಿಮಗೂ ಕಾಣ್ತೈತಾ?"

ಗಂಟೆ ಹನ್ನೆರಡಾಗಿತ್ತು. ಮೀನಿನ ಅಂಗಡಿ ಭಾನುವಾರ ಅರ್ಧ ದಿನ ಮಾತ್ರ. ಹೊನ್ನೂರಸ್ವಾಮಿ ಎಣ್ಣೆ ಕೈಯಲ್ಲೇ ತಲೆ ಹಿಡಿದುಕೊಂಡು ಕೂತ. ಅವನಿಗೆ ಈಗ ಒಂದು ಸಂದೇಹ ಶುರುವಾಗಿತ್ತು. ತೂತು ಮುಚ್ಚಲು ತೊಟ್ಟಿ ತಂದದ್ದೋ, ತೊಟ್ಟಿ ಮುಚ್ಚಲು ಚಿತ್ರ ತಂದದ್ದೋ, ಈಗ ಚಿತ್ರ ಮುಚ್ಚಲು ಏನು ತರಬೇಕೋ, ಯಾವುದು ಯಾವುದರ ಮುಂದಿದೆ ಎಂಬ ಲೆಕ್ಕವೇ ತಪ್ಪಿಹೋಗಿತ್ತು.

"ಫ್ಲೆಕ್ಸ್" ಎಂದ ಪಾಲಾಕ್ಷ. "ಮಳೆ ಬಂದ್ರೂ ನೆನೆಯಲ್ಲ, ಎಣ್ಣೆ ಹಾಕಿದ್ರೂ ಜಗ್ಗಲ್ಲ. ನಡಿ, ಮಾರುತೇಶನ ಅಂಗಡಿಗೆ."

ಮಾರುತೇಶ ಊರಿನ ಫ್ಲೆಕ್ಸುಗಳನ್ನೆಲ್ಲ ಮಾಡುವವನು. ಹುಟ್ಟುಹಬ್ಬ, ನಾಮಕರಣ, ಪಾಸಾದದ್ದು, ಗೆದ್ದದ್ದು, ಸತ್ತದ್ದು, ಯಾವುದಿದ್ದರೂ ಅವನ ಕಂಪ್ಯೂಟರಿನ ಮುಂದೆ ಹಾದು ಹೋಗಲೇಬೇಕು. ಅವನು ಕತ್ತೆತ್ತದೆ ಕೇಳಿದ: "ಏನ್ ಕಾರ್ಯಕ್ರಮ?"

"ಕಾರ್ಯಕ್ರಮ ಇಲ್ಲ. ಒಂದು ಸಮುದ್ರ ಬೇಕು. ಎರಡೂವರೆ ಅಡಿ ಉದ್ದ, ಒಂದೂವರೆ ಅಡಿ ಎತ್ತರ."

ಮಾರುತೇಶ ಕತ್ತೆತ್ತಿದ. "ಯಾರ ಪರವಾಗಿ?"

"ಮೀನಿನ ಪರವಾಗಿ" ಎಂದ ಹೊನ್ನೂರಸ್ವಾಮಿ. ಬೇರೆ ಏನು ಹೇಳಬೇಕೋ ಅವನಿಗೆ ತಿಳಿಯಲಿಲ್ಲ.

ಕಂಪ್ಯೂಟರಿನಲ್ಲಿ ಸಮುದ್ರ ಬಂತು. ನೀಲಿ ನೀರು, ಮೇಲಿನಿಂದ ಬಿಸಿಲಿನ ಕೋಲುಗಳು, ಕೆಳಗೆ ಕೆಂಪು ಹವಳ. ಹೊನ್ನೂರಸ್ವಾಮಿಗೆ ಜೀವ ಬಂದ ಹಾಗಾಯಿತು. "ಇಷ್ಟೇ ಸಾಕು."

"ಫೋಟೊ ಕೊಡ್ರಿ."

"ಯಾರದು?"

"ಮಧ್ಯದಾಗೆ ಒಂದು ದೊಡ್ಡದು, ಕೆಳಗೆ ಸಾಲಾಗಿ ಶುಭ ಕೋರುವವರು."

"ಫೋಟೊ ಬ್ಯಾಡಪ್ಪ, ಬರೀ ಸಮುದ್ರ."

ಮಾರುತೇಶನ ಮುಖದಲ್ಲಿ ನಿಜವಾದ ನೋವು ಕಾಣಿಸಿತು. "ಅಣ್ಣ, ಹನ್ನೊಂದು ವರ್ಷ ಆಯ್ತು ಈ ಕೆಲಸಕ್ಕೆ. ಮುಖ ಇಲ್ದಿರೋ ಫ್ಲೆಕ್ಸ್ ನನ್ನ ಮಿಷನ್ನಿಂದ ಹೊರಗೆ ಬಂದಿಲ್ಲ. ಖಾಲಿ ಬಿಟ್ರೆ, ದುಡ್ಡು ಸಾಲ್ದೆ ಬಿಟ್ಟವ್ನೆ ಅಂತಾರೆ ಜನ."

ಆಗ ಪಾಲಾಕ್ಷನ ತಲೆಯಲ್ಲಿ ದೀಪ ಹತ್ತಿತು. ಅವನ ತಲೆಯಲ್ಲಿ ದೀಪ ಹತ್ತಿದಾಗಲೆಲ್ಲ ಕತ್ತಲಾಗುತ್ತಿದ್ದುದು ಹೊನ್ನೂರಸ್ವಾಮಿಗೆ.

"ಲೇ, ಮಧ್ಯಕ್ಕೆ ನಿಮ್ಮ ಓನರ್ ಫೋಟೊ ಹಾಕ್ಸು. ತನ್ನ ಫೋಟೊದ ಮುಂದೆ ನಿಂತ್ಕಂಡು ಯಾವ ಮನುಷ್ಯ ಬೈತಾನೆ? ತನ್ನ ಫೋಟೊ ಕಿತ್ತು ಹಿಂದೆ ಏನೈತೆ ಅಂತ ಯಾವನು ನೋಡ್ತಾನೆ?"

ಕೇಳಲು ಸರಿಯಾಗಿಯೇ ಇತ್ತು. ಪಾಲಾಕ್ಷನ ಮಾತುಗಳೆಲ್ಲ ಕೇಳಲು ಸರಿಯಾಗಿಯೇ ಇರುತ್ತಿದ್ದವು. ಹೊನ್ನೂರಸ್ವಾಮಿ ಬೇಡ ಅನ್ನುವ ಮಾತನ್ನು ಗಂಟಲಲ್ಲಿ ಹುಡುಕುತ್ತಿದ್ದಾಗಲೇ ಅವನ ವಾಟ್ಸಾಪಿನಿಂದ ಬೊಮ್ಮಲಿಂಗಪ್ಪನವರ ಫೋಟೊ ಕಂಪ್ಯೂಟರಿಗೆ ಹೋಗಿಯಾಗಿತ್ತು. ಪೇಟ, ಶಾಲು, ಎರಡೂ ಕಡೆ ತಿರುವಿದ ಮೀಸೆ, ಎಲ್ಲೋ ಸನ್ಮಾನವಾದಾಗ ತೆಗೆದದ್ದು.

"ಶುಭ ಕೋರುವವರು?" ಎಂದ ಮಾರುತೇಶ.

"ನಂದು ಹಾಕು" ಎಂದ ಪಾಲಾಕ್ಷ, ಅಂಗಿಯ ಕಾಲರು ಸರಿ ಮಾಡಿಕೊಂಡು.

ಹೊನ್ನೂರಸ್ವಾಮಿಯ ಫೋನು ರಿಂಗಾಯಿತು. ಶಿವಬಸಮ್ಮ. "ಫೋಟೊ ಹಾಕಿಸ್ತಿದೀಯಂತೆ, ಪಾಲಾಕ್ಷ ವಾಟ್ಸಾಪ್ನಾಗೆ ಹೇಳ್ದ. ಗೋಡೆಯಾಗೆ ಅರ್ಧ ನಂದೂ ಐತಪ್ಪ. ನನ್ನ ಬಿಟ್ರೆ ಚೆನ್ನಾಗಿರಲ್ಲ. ಆಧಾರ್ ಕಾರ್ಡಿಂದು ಬ್ಯಾಡ, ಅದ್ರಾಗೆ ಯಾರನ್ನೋ ಬೈದಂಗೆ ಕಾಣ್ತೀನಿ."

ಕೊನೆಗೆ ಮಾಲೀಕರು ನಡುವೆ, ಪಾಲಾಕ್ಷ ಎಡಕ್ಕೆ, ಶಿವಬಸಮ್ಮ ಬಲಕ್ಕೆ. ಹವಳದ ಮೂಲೆಯಲ್ಲಿ ಶೇಂಗಾ ಬೀಜದಷ್ಟು ಜಾಗ ಉಳಿದಿತ್ತು. ಅಲ್ಲಿ ಹೊನ್ನೂರಸ್ವಾಮಿ. ಫ್ಲೆಕ್ಸ್ ಮಿಷನ್ನಿನಿಂದ ಇಳಿಯತೊಡಗಿತು. ಬಿಸಿಲಿನ ಕೋಲು ಬಂತು, ಪೇಟ ಬಂತು, ಹಣೆ ಬಂತು, ಮೂಗು ಬಂತು. ಮೀಸೆಯ ಹತ್ತಿರ ಕರೆಂಟು ಹೋಯಿತು.

ಒಂದೂ ಮುಕ್ಕಾಲು ಗಂಟೆ ಹೊನ್ನೂರಸ್ವಾಮಿ ಮಿಷನ್ನಿನ ಮುಂದೆ, ಅರ್ಧ ಮುಖದ ಮಾಲೀಕರ ಎದುರು ಕೂತ. ಆ ಎರಡು ಕಣ್ಣು ಅವನನ್ನೇ ನೋಡುತ್ತಿದ್ದವು. ಬಾಯಿ ಇನ್ನೂ ಬಂದಿರಲಿಲ್ಲವಾದ್ದರಿಂದ ಬೈಯುತ್ತಿರಲಿಲ್ಲ, ಅಷ್ಟೇ.

ಮನೆ ಮುಟ್ಟಿದಾಗ ಗಂಟೆ ನಾಲ್ಕು. ಸರಿತಾ ಫ್ಲೆಕ್ಸ್ ಬಿಚ್ಚಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು.

"ಇವ್ರೆಲ್ಲಾ ಯಾಕೆ ನೀರಾಗವ್ರೆ?"

"ನಂಗೂ ಸರಿಯಾಗಿ ಗೊತ್ತಾಗ್ಲಿಲ್ಲ" ಎಂದ ಹೊನ್ನೂರಸ್ವಾಮಿ. ಅದು ಅವನು ಆ ದಿನ ಆಡಿದ ಅತ್ಯಂತ ನಿಜವಾದ ಮಾತು.

ಹಳೇ ಕಾಗದ ಕಿತ್ತು ಫ್ಲೆಕ್ಸ್ ಒತ್ತಿದರು. ಗಾಜಿನ ಮೇಲೆ ಬೆಳಗಿನ ಎಣ್ಣೆ ಇನ್ನೂ ಇತ್ತು. ಒತ್ತಿದ ಕೂಡಲೇ ಮಾಲೀಕರು ಮೇಲಿನಿಂದ ಸರ್ರನೆ ಜಾರಿ ತಳದ ಕಲ್ಲುಗಳಲ್ಲಿ ಗಂಟಲವರೆಗೆ ಹೂತುಕೊಂಡರು. ಎತ್ತಿ ಹಿಡಿದರೆ ಎಡಕ್ಕೆ ವಾಲಿದರು. ಎಡ ಸರಿ ಮಾಡಿದರೆ ಪಾಲಾಕ್ಷ ಮೇಲೆ ಹೋಗಿ ಶಿವಬಸಮ್ಮ ಕೆಳಗೆ ಬಂದಳು. "ನನ್ನ ಎತ್ತು, ನನ್ನ ಎತ್ತು" ಎಂದು ನಿಜವಾದ ಶಿವಬಸಮ್ಮ ತೂತಿನಿಂದ ಕೈ ಹಾಕಿ ಫ್ಲೆಕ್ಸನ್ನು ತಾನೇ ಹಿಡಿದುಕೊಂಡಳು. ಸರಿತಾ ಹಲ್ಲಿನಲ್ಲಿ ಟೇಪು ಹರಿದು ಹರಿದು ಕೊಟ್ಟಳು. ಕೊನೆಗೆ ನಾಲ್ಕು ಮೂಲೆಯೂ ನಿಂತವು. ಗಾಳಿಯ ಕೊಳವೆಯಿಂದ ಗುಳ್ಳೆಗಳು ಸರಿಯಾಗಿ ಮಾಲೀಕರ ಕೊರಳ ಸುತ್ತ ಏಳುತ್ತಿದ್ದವು. ದೊಡ್ಡ ಮೀನು ಬಂದು ಅವರ ಮೀಸೆಯನ್ನು ತಿನ್ನುವ ವಸ್ತುವೆಂದು ತಿಳಿದು ಎರಡು ಸಲ ಕುಕ್ಕಿತು.

ಪಾಲಾಕ್ಷ ತೃಪ್ತಿಯಿಂದ ಕೈ ಒರೆಸಿಕೊಂಡು, "ಇನ್ನು ನನ್ನ ಕೆಲ್ಸ ಮುಗೀತು" ಎಂದು ಹೊರಟುಹೋದ. ಅಪಾಯದ ಹೊತ್ತಿಗೆ ಸರಿಯಾಗಿ ಕೆಲಸ ಮುಗಿಯುವುದು ಅವನಿಗೆ ದೇವರು ಕೊಟ್ಟ ವರ.

ನಾಲ್ಕೂ ಮುಕ್ಕಾಲಿಗೆ ಬೊಮ್ಮಲಿಂಗಪ್ಪನವರು ಬಾಗಿಲಲ್ಲಿ ನಿಂತರು. ಚಪ್ಪಲಿ ಬಿಟ್ಟು, ಕಾಲು ತೊಳೆದು ಒಳಗೆ ಬಂದರು. ಬಾಗಿಲು ನೋಡಿದರು, ಸೂರು ನೋಡಿದರು, ನೆಲ ನೋಡಿದರು. ಆಮೇಲೆ ಅವರ ಕಣ್ಣು ತೊಟ್ಟಿಯ ಮೇಲೆ ಬಿದ್ದು ಅಲ್ಲೇ ನಿಂತಿತು.

ಮೂವರೂ ಉಸಿರಾಡಲಿಲ್ಲ. ಮೂರನೆಯವಳು ಗೋಡೆಯ ಆಚೆಗಿದ್ದಳು.

ಬೊಮ್ಮಲಿಂಗಪ್ಪನವರು ಹತ್ತಿರ ಹೋದರು. ಕನ್ನಡಕ ಹಾಕಿಕೊಂಡರು. ಸೀರೆ ನೋಡುವವರ ಹಾಗೆ ಮೊದಲು ಅಂಚು ನೋಡಿದರು, ಆಮೇಲೆ ಒಡಲು, ಆಮೇಲೆ ಸೆರಗು. ತಮ್ಮನ್ನು ಕೊನೆಗೆ ನೋಡಿದರು.

"ಇದು ನಾನಾ?"

"ಹೂಂ ಯಜಮಾನ್ರೆ" ಎಂದ ಹೊನ್ನೂರಸ್ವಾಮಿ.

"ಬಾಗುಂದಯ್ಯಾ" ಎಂದರು ಬೊಮ್ಮಲಿಂಗಪ್ಪನವರು ನಿಧಾನಕ್ಕೆ. ಮನಸ್ಸು ತುಂಬಿದಾಗ ಅವರ ಬಾಯಿಗೆ ತೆಲುಗು ಬರುತ್ತಿತ್ತು. "ಚಾಲಾ ಬಾಗುಂದಿ, ಬಹಳ ಚೆನ್ನಾಗೈತೆ. ನೀಲಿ ಒಡಲು, ಕೆಂಪು ಅಂಚು. ಇಂಥ ಜೋಡಿ ನಾನು ಮಗ್ಗದ ಮ್ಯಾಲೆ ನೇಯ್ದಿದ್ದೆ, ಬಹಳ ಹಿಂದೆ." ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಸ್ವಂತ ಮಕ್ಕಳೇ ಅಪ್ಪನ ಫೋಟೊ ಹಾಕದ ಕಾಲ ಇದು. ಬಾಡಿಗೆಯವ್ರು ಹಾಕವ್ರೆ. ಮೀನು ನೋಡು, ನನ್ನ ಸುತ್ತಾನೇ ತಿರುಗ್ತಾವೆ."

ಹೊನ್ನೂರಸ್ವಾಮಿಯ ಎದೆಯ ಮೇಲಿನ ಮೂಟೆ ಇಳಿಯಿತು. ಪಾಲಾಕ್ಷನ ಉಪಾಯವೊಂದು ಮೊದಲ ಸಲ ಫಲಿಸಿತ್ತು. ಸರಿತಾ ಚಹಾ ತರಲು ಹೋದಳು. ಹೋಗುವಾಗ ಅವಳ ಹೆಜ್ಜೆ ಹಗುರವಾಗಿತ್ತು.

ಬೊಮ್ಮಲಿಂಗಪ್ಪನವರು ಫೋನು ತೆಗೆದು ವೀಡಿಯೊ ಕಾಲ್ ಮಾಡಿದರು. "ರಶ್ಮಿತಾ, ನೋಡಮ್ಮ ಇಲ್ಲಿ." ಫೋನನ್ನು ತೊಟ್ಟಿಯ ಮುಂದೆ ಎಡದಿಂದ ಬಲಕ್ಕೆ ಆಡಿಸಿದರು. "ಕತ್ತಲೆ ಮನೆ, ಗೋಡೌನ್ ಇದ್ದಂಗೈತೆ ಅಂತಿದ್ದಲ್ಲ. ಇದು ಗೋಡೌನಾ? ಹೇಳು."

"ಅಯ್ಯೋ ಅಪ್ಪ, ನೀನೇ ಒಳಗಿದೀಯಲ್ಲ" ಎಂದು ನಗುವ ದನಿ ಬಂತು. "ಎಷ್ಟ್ ಚೆನ್ನಾಗೈತೆ. ಬೆಳಕೂ ಐತೆ. ನಂಗೆ ಒಪ್ಗೆ."

"ಒಪ್ಗೆ ಅಂದ್ರೆ?" ಎಂದ ಹೊನ್ನೂರಸ್ವಾಮಿ.

"ಮಗಳಿಗೆ ಇಲ್ಲಿ ಹೈಸ್ಕೂಲ್ನಾಗೆ ಟೀಚರ್ ಕೆಲ್ಸ ಆಗೈತಪ್ಪ" ಎಂದರು ಬೊಮ್ಮಲಿಂಗಪ್ಪನವರು, ಫೋನಿನ ಮೇಲೆ ಕೈ ಮುಚ್ಚಿ. "ಅದನ್ನೇ ಮಾತಾಡಾಕೆ ಬಂದಿದ್ದು. ನಮ್ಮ ಮನೇಲೇ ಇರು ಅಂದ್ರೆ, ಹಳೇ ಮನೆ, ಒಂದು ಬಿರುಕು ಕಂಡ್ರೂ ನಾ ಬರಲ್ಲ ಅಂತಿದ್ಲು. ಅವ್ಳು ಒಲ್ಲೆ ಅಂದಿದ್ರೆ ನೀವೇ ಇರ್ತಿದ್ರಿ, ಹತ್ತು ವರ್ಷ ಬೇಕಾದ್ರೆ. ನೀವು ನೋಡಿದ್ರೆ ಮನೇನ ಅರಮನೆ ಮಾಡಿಟ್ಟೀರಿ."

ಅಡುಗೆಮನೆಯಲ್ಲಿ ಚಹಾ ಸೋಸುವ ಸದ್ದು ನಿಂತಿತು.

ಹೊನ್ನೂರಸ್ವಾಮಿ ಬಾಯಿ ತೆರೆದ. ಮುಚ್ಚಿದ. ಅವನ ಮುಖ ತೊಟ್ಟಿಯಲ್ಲಿದ್ದ ಮೀನಿನ ಮುಖದ ಹಾಗೇ ಇತ್ತು. ಬಿರುಕು ಕಂಡರೂ ಬರುತ್ತಿರಲಿಲ್ಲವಂತೆ. ಬಿರುಕು. ತನ್ನ ಹತ್ತಿರ ಇದ್ದದ್ದು ರೊಟ್ಟಿಯಗಲದ ತೂತು. ಅದನ್ನು ಅವನು ಬೆಳಗಿನಿಂದ ಬೆವರು ಸುರಿಸಿ ಮುಚ್ಚಿದ್ದ.

"ಇನ್ನ ಒಂದು ತೊಡಕೈತೆ" ಎಂದರು ಬೊಮ್ಮಲಿಂಗಪ್ಪನವರು. "ಇವಳವ್ವ ರಾಧಮ್ಮ. ಹುಡುಗಿ ಗೊತ್ತಿಲ್ದ ಊರಾಗೆ ಒಬ್ಳೇ ಹೆಂಗಿರ್ತಾಳೆ ಅಂತ ಮೂರು ವಾರದಿಂದ ಒಂದೇ ಹಠ. ಅವ್ಳು ಹೂಂ ಅಂದ್ರೆ ಮುಗೀತು."

ಮುಳುಗುವವನಿಗೆ ಹುಲ್ಲುಕಡ್ಡಿ ಕಂಡಿತು. ಇನ್ನೊಬ್ಬರು ಒಪ್ಪಬೇಕು. ಇನ್ನೂ ಸಮಯವಿದೆ. ಹೊನ್ನೂರಸ್ವಾಮಿ ತನ್ನ ಜನ್ಮದಲ್ಲಿ ಮೊದಲ ಸಲ, ಯಾರನ್ನೂ ಕೇಳದೆ, ತಾನೇ ಒಂದು ತೀರ್ಮಾನಕ್ಕೆ ಬಂದ. ತೊಟ್ಟಿಯ ಹಿಂದೆ ಕೈ ಹಾಕಿದ. "ಯಜಮಾನ್ರೆ, ನಾನು ಸುಳ್ಳು ಹೇಳಬಾರ್ದು. ಈ ಮನೇಲಿ ಹೆಣ್ಣುಮಗಳು ಇರೋಕಾಗಲ್ಲ. ನೋಡ್ರಿ ಇಲ್ಲಿ" ಎಂದು ಫ್ಲೆಕ್ಸನ್ನು ಟೇಪು ಸಮೇತ ಕಿತ್ತು ಎಳೆದ.

ಸಮುದ್ರ ಹೋಯಿತು. ನೀರಿನ ಆಚೆಗೆ ಮೊರದಗಲದ ತೂತು. ತೂತಿನ ತುಂಬ, ಕಿವಿ ಗೋಡೆಗೆ ಕೊಟ್ಟು ನಿಂತಿದ್ದ ಶಿವಬಸಮ್ಮನ ಮುಖ. ಮೂರು ಮೀನು ಅವಳ ಮೂಗಿನ ಮುಂದೆ ಹಾದು ಹೋದವು.

ಬೊಮ್ಮಲಿಂಗಪ್ಪನವರು ಎರಡು ಹೆಜ್ಜೆ ಹಿಂದೆ ಸರಿದರು. ಫೋನು ಕೈಯಲ್ಲಿ ಹಾಗೇ ಇತ್ತು.

"ಅಪ್ಪಾ, ಅದ್ಯಾರು?" ಎಂದಿತು ಫೋನು.

"ನಾನು ಕಣವ್ವ, ಪಕ್ಕದ ಮನೆಯಾಕಿ" ಎಂದಳು ಶಿವಬಸಮ್ಮ. "ಊಟ ಆಯ್ತಾ?"

ಫೋನಿನಲ್ಲಿ ಏನೋ ಗಲಾಟೆಯಾಗಿ, ಬೇರೆ ದನಿ ಬಂತು. ರಾಧಮ್ಮ. "ರೀ, ಯಾರದು ದೊಡ್ಡೋರು? ಗೋಡೆಯಾಗೆ ಹೆಂಗವ್ರೆ?"

"ತೂತು ಬಿದ್ದೈತೆ ತಾಯಿ, ದೊಡ್ಡ ತೂತು" ಎಂದ ಹೊನ್ನೂರಸ್ವಾಮಿ, ಫೋನಿನ ಹತ್ತಿರ ಬಾಯಿ ತಂದು, ಆಸೆಯಿಂದ. "ನಾನೇ ಮೊಳೆ ಹೊಡ್ದು ಮಾಡಿದ್ದು. ಈ ಕಡೆ ಉಸಿರಾಡಿದ್ರೆ ಆ ಕಡೆ ಕೇಳ್ತೈತೆ. ಹಾಲು ಉಕ್ಕಿದ್ರೆ ಇವ್ರಿಗೆ ಮೊದ್ಲು ಗೊತ್ತಾಗ್ತೈತೆ. ಎಷ್ಟು ಹೊತ್ನಾಗೂ ಇವ್ರು ಇಲ್ಲೇ ಇರ್ತಾರೆ."

"ಎಷ್ಟು ಹೊತ್ನಾಗೂ?" ಎಂದಳು ರಾಧಮ್ಮ.

"ನಂಗೆಲ್ಲಿ ಹೋಗೋದೈತವ್ವ" ಎಂದಳು ಶಿವಬಸಮ್ಮ. "ಹುಡುಗಿ ಎದ್ದಿದ್ದು, ಉಂಡಿದ್ದು, ಬಾಗ್ಲು ಹಾಕಿದ್ದು, ಎಲ್ಲಾ ನಾ ನೋಡ್ಕಂತೀನಿ."

ಆಮೇಲೆ ರಾಧಮ್ಮನ ದನಿ ಬಂತು, ಮೂರು ವಾರದ ಭಾರ ಇಳಿಸಿದ ದನಿ. "ರೀ, ಇದನ್ನ ಮೊದ್ಲೇ ಯಾಕೆ ಹೇಳ್ಲಿಲ್ಲ? ಇಂಥ ಅನುಕೂಲ ಯಾವ ಮನೇಲಿರ್ತೈತೆ? ನಾ ಒಪ್ಪಿದೀನಿ. ಒಂದನೇ ತಾರೀಕಿಗೆ ಹಾಲುಕ್ಕಿಸೋಣ. ಆ ತೂತು ಮಾತ್ರ ಯಾರೂ ಮುಚ್ಚಬಾರ್ದು."

"ಅವ್ವಾ" ಎಂದು ರಶ್ಮಿತಾ ಹಿಂದಿನಿಂದ ಏನೋ ಹೇಳಹೊರಟಳು. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಶಿವಬಸಮ್ಮ ಆಗಲೇ ತನ್ನ ಫೋನ್ ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳಲು ಶುರು ಮಾಡಿದ್ದಳು.

ಹೊನ್ನೂರಸ್ವಾಮಿ ಕೈಯಲ್ಲಿ ಎಣ್ಣೆ ಸುರಿಯುವ ಸಮುದ್ರ ಹಿಡಿದುಕೊಂಡು ನಿಂತಿದ್ದ. "ಯಜಮಾನ್ರೆ" ಎಂದ, ಕೊನೆಯ ಪ್ರಯತ್ನವಾಗಿ. "ಮೊಳೆ ಹೊಡ್ದಿದ್ದಕ್ಕೆ ನಂಗೆ ಬೈಯಲ್ವಾ?"

ಬೊಮ್ಮಲಿಂಗಪ್ಪನವರು ಅವನ ಬೆನ್ನು ತಟ್ಟಿದರು. "ಬೈಯೋದು ಬಾಡಿಗೆಗೆ ಇರೋರಿಗಪ್ಪ. ನೀವು ಹೊರಟೋರು, ನಿಮಗ್ಯಾಕೆ ಬೈಲಿ? ತೊಟ್ಟಿ, ಮೀನು ಇಲ್ಲೇ ಇರ್ಲಿ, ಮಗಳಿಗೆ ಹಿಡಿಸಿದಾವೆ. ದಿನಾ ಏನು ಹಾಕ್ಬೇಕು, ಎಷ್ಟು ಹಾಕ್ಬೇಕು, ಒಂದು ಚೀಟಿಯಾಗೆ ಬರೆದಿಟ್ಟು ಹೋಗು."

ಸರಿತಾ ಚಹಾ ತಂದು ಇಟ್ಟಳು. ಹೊಲಿಗೆ ಮಿಷನ್ನಿನ ಹತ್ತಿರ ಹೋಗಿ, ಅದರ ಮೇಲಿದ್ದ ಅರ್ಧ ಹೊಲಿದ ರವಿಕೆಯನ್ನು ಮಡಚತೊಡಗಿದಳು. ಆ ಮಡಚುವಿಕೆ ನೋಡಿ ಹೊನ್ನೂರಸ್ವಾಮಿಗೆ ಎಲ್ಲಿ ಕೂರಬೇಕೋ ತಿಳಿಯಲಿಲ್ಲ. ಅವನು ಚೀಟಿ ಹುಡುಕಿದ, ಪೆನ್ನು ಹುಡುಕಿದ. ಮೀನಿನ ತೊಟ್ಟಿಯ ಪಕ್ಕದಲ್ಲೇ ನಿಂತು ಬರೆದ.

ಬೆಳಿಗ್ಗೆ ಆರು ಕಾಳು. ಸಂಜೆ ಆರು ಕಾಳು.

ಮೂರನೆಯ ಸಾಲನ್ನು ಯಾರೂ ಹೇಳದೆ ತಾನೇ ಸೇರಿಸಿದ: ಗೋಡೆಗೆ ಒರಗಬೇಡಿ.